ಮೇಲಿನ ಹೊಲ

ಆ ಊರಲ್ಲಿ ಯಾರೂ ತಮ್ಮ ಬೆಳೆ ಚೆನ್ನಾಗಿದೆ ಎನ್ನುತ್ತಿರಲಿಲ್ಲ. ರಾಗಿ ತೆನೆ ಭಾರಕ್ಕೆ ಬಾಗಿ ನೆಲ ಮುಟ್ಟುತ್ತಿದ್ದರೂ, "ಏನೋ ಇದೆ, ಹಕ್ಕಿ ತಿಂದು ಮಿಕ್ಕಿದರೆ ನಮಗೆ" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಹೊರಗಿನವರು ಇದನ್ನು ವಿನಯ ಅಂದುಕೊಳ್ಳುತ್ತಿದ್ದರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಅದು ಹೆದರಿಕೆ. ಆ ಊರಿಗೊಂದು ಕಟ್ಟಳೆಯಿತ್ತು: ಪಕ್ಕದವರ ಹೊಲ ತಮ್ಮದಕ್ಕಿಂತ ದೊಡ್ಡದಾಗಿ ಕಂಡವರು, ಜನ್ಮದಲ್ಲಿ ಒಂದೇ ಒಂದು ಸಲ, ಅದನ್ನು ಬದಲು ಕೇಳಬಹುದು. ಕೇಳಿದರೆ ಇಲ್ಲ ಎನ್ನುವಂತಿಲ್ಲ. ಕೊಟ್ಟಮೇಲೆ, ಕೇಳಿದವರು ಸಾಯುವ ತನಕ ಮತ್ತೆ ಬಾಯಿ ತೆರೆಯುವಂತಿಲ್ಲ.

ಕೇಳುವುದಕ್ಕೂ ಒಂದು ಕ್ರಮವಿತ್ತು. ರಾಗಿ ಹಾಲುಗಟ್ಟುವ ಕಾಲಕ್ಕೆ ಊರಿನ ಅಳತೆಯ ದಿನ ಬರುತ್ತದೆ. ಆ ಬೆಳಗ್ಗೆ ಇಬ್ಬರ ನಡುವಿನ ಬದುವಿನ ಮೇಲೆ ನಿಂತು, ತನ್ನ ಹೊಲದ ಒಂದು ಬೊಗಸೆ ಮಣ್ಣನ್ನು ಮಡಿಲಕ್ಕಿ ಹಾಕುವ ಹಾಗೆ ಪಕ್ಕದವರ ಮಡಿಲಿಗೆ ಹಾಕಬೇಕು. "ನಿನ್ನದು ನನ್ನ ಕಣ್ಣಿಗೆ ದೊಡ್ಡದಾಗಿ ಕಂಡಿತು" ಎನ್ನಬೇಕು. ಅವರು ತಮ್ಮ ಮಣ್ಣನ್ನು ಇವರ ಮಡಿಲಿಗೆ ಹಾಕಿ, "ಕಂಡದ್ದು ನಿಂದು" ಎನ್ನಬೇಕು. ಅಲ್ಲಿಗೆ ಹೊಲ ಬದಲಾಯಿತು, ನಿಂತ ಬೆಳೆಯೂ ಸೇರಿ. ಆದರೆ ಹೊಟ್ಟೆಯಲ್ಲಿ ಕಿಚ್ಚಿಲ್ಲದೆ ಬರೀ ಬಾಯಿಮಾತಿಗೆ ಕೇಳಿದರೆ ಇಬ್ಬರ ಮಡಿಲಿನ ಮಣ್ಣೂ ಮರಳಾಗುತ್ತದೆ, ಅದರ ಹಿಂದೆಯೇ ಇಬ್ಬರ ಹೊಲವೂ ಮರಳಾಗುತ್ತದೆ. ಊರಾಚೆ ಒಂದು ಮರಳುದಿಣ್ಣೆ ಇದೆ. ಹಿಂದೆ ಯಾರೋ ಇಬ್ಬರು ಗೆಳೆಯರು ತಮಾಷೆಗೆ ಕೇಳಿಕೊಂಡಿದ್ದರಂತೆ.

ಊರು ಬೈತಲೆ ತೆಗೆದ ತಲೆಯ ಹಾಗಿತ್ತು, ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ. ಉತ್ತರಕ್ಕೆ ಬಡಗಲ ತುದಿಗೊಂದು ಕೆರೆ, ದಕ್ಷಿಣಕ್ಕೆ ತೆಂಕಲ ತುದಿಗೊಂದು ಕೆರೆ. ಮೂಡಲಿಗೊಂದು ಗುಂಡುಬಂಡೆ, ಪಡುವಲಿಗೊಂದು ಗುಂಡುಬಂಡೆ. ನೆಲವೆಲ್ಲ ಸಪಾಟಾಗಿದ್ದರೂ ಅವರ ಮಾತಿನಲ್ಲಿ ತೆಂಕಲು ಎಂದರೆ ಮೇಲು, ಬಡಗಲು ಎಂದರೆ ಕೆಳಗು. ಯಾಕೆಂದರೆ ಅಲ್ಲಿ ಮಲಗುವುದಕ್ಕೆಲ್ಲ ತಲೆ ತೆಂಕಲಿಗೆ. ಮನುಷ್ಯರ ಹಾಸಿಗೆ, ಕೂಸಿನ ತೊಟ್ಟಿಲು, ಕಣದಲ್ಲಿ ಒರಗಿಸಿದ ತೆನೆಯ ಕಂತೆ, ಎಲ್ಲಕ್ಕೂ. ಬಡಗಲಿಗೆ ತಲೆ ಹಾಕಿದ್ದು ಮತ್ತೆ ಏಳುವುದಿಲ್ಲ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು.

ಊರ ನಟ್ಟನಡುವಿನ ಬದುವಿಗೆ ಬಡಗಲಲ್ಲಿ ಇದ್ದದ್ದು ಹಿರಿಸೊಸೆಯ ಹೊಲ, ತೆಂಕಲಲ್ಲಿ ಇದ್ದದ್ದು ಕಿರಿಸೊಸೆಯ ಹೊಲ. ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಓರಗಿತ್ತಿಯರು. ಅತ್ತೆ ಮಾವ ಹೋಗಿ ಎಷ್ಟೋ ಕಾಲವಾಗಿದ್ದರೂ ಊರಿಗೆ ಅವರು ಸೊಸೆಯಂದಿರೇ. ಆ ಊರಲ್ಲಿ ನೇಗಿಲು ಮಗನದು, ಹೊಲ ಸೊಸೆಯದು.

ಹಿರಿಸೊಸೆಯ ಹೊಟ್ಟೆಕಿಚ್ಚು ಇಂದುನಿನ್ನೆಯದಲ್ಲ. ಕಿರಿಸೊಸೆ ಹೊಸಿಲು ದಾಟಿ ಒಳಗೆ ಬಂದ ದಿನ ಅತ್ತೆ ಇಬ್ಬರಿಗೂ ಒಂದೇ ಸೌಟಿನಲ್ಲಿ ಸಾರು ಬಡಿಸಿದರು. ಹಿರಿಸೊಸೆ ತನ್ನ ತಟ್ಟೆ ಬಿಟ್ಟು ಪಕ್ಕದ ತಟ್ಟೆ ನೋಡಿದಳು. ಅಲ್ಲಿ ಸಾರು ಗಟ್ಟಿಯಾಗಿತ್ತು, ಮುದ್ದೆ ದುಂಡಗಿತ್ತು. ಅಂದಿನಿಂದ ಅವಳಿಗೆ ಊಟ ರುಚಿಸಿದ್ದೇ ಇಲ್ಲ. ಒಂದೇ ಮಗ್ಗದಲ್ಲಿ ನೆಯ್ದ ಎರಡು ಸೀರೆ ಬಂದರೆ ಕಿರಿಯವಳ ಸೀರೆಯ ಅಂಚು ಅಗಲ ಕಾಣುತ್ತಿತ್ತು. ಒಂದೇ ಮಳೆ ಬಿದ್ದರೆ ಕಿರಿಯವಳ ಅಂಗಳದಲ್ಲಿ ಹೆಚ್ಚು ಹೊತ್ತು ಬೀಳುತ್ತಿದೆ ಅನ್ನಿಸುತ್ತಿತ್ತು. ಕಿರಿಸೊಸೆಯೋ, ಹೊತ್ತೇರಿದ ಮೇಲೆ ಎದ್ದು, ಎಲೆಯಡಿಕೆ ಮೆಲ್ಲುತ್ತ, ಬದುವಿನ ಮೇಲೆ ಕಾಲು ಚಾಚಿ ಕೂತು ಹಾಡಿಕೊಳ್ಳುವ ಹೆಂಗಸು. ಕಳೆ ಕೀಳು ಎಂದರೆ, "ಅದೂ ಒಂದು ಜೀವ, ಇರ್ಲಿ ಬಿಡಕ್ಕ" ಎನ್ನುವಳು. ಅವಳ ಸೋಮಾರಿತನ ಕೂಡ ತನಗೆ ಸಿಗದ ಭಾಗ್ಯ ಎಂದು ಹಿರಿಸೊಸೆಗೆ ಉರಿಯುತ್ತಿತ್ತು.

ಮಾವ ಸಾಯುವ ಮುಂಚೆ ಸರಪಳಿ ಹಿಡಿದು ಹೊಲವನ್ನು ಸರಿಯಾಗಿ ಎರಡು ಪಾಲು ಮಾಡಿದ್ದರು. ಊರೇ ನಿಂತು ನೋಡಿತ್ತು, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆದರೂ ಬೆಳಗ್ಗೆ ಎದ್ದು ಬದುವಿನ ಮೇಲೆ ನಿಂತರೆ ಹಿರಿಸೊಸೆಯ ಕಣ್ಣಿಗೆ ತೆಂಕಲ ಹೊಲ ಹಿರಿದು, ತನ್ನದು ಕಿರಿದು. ಬದಲು ಕೇಳಿಬಿಡಲೇ ಎಂದು ಎಷ್ಟೋ ಸಲ ಬೊಗಸೆಗೆ ಮಣ್ಣು ತುಂಬಿಕೊಂಡಿದ್ದಳು. ಆದರೆ ಇರುವುದು ಒಂದೇ ಸಲ. ಕೇಳಿದಮೇಲೆ ಸಮ ಎಂದಾದರೆ ಬಾಯಿಗೆ ಮಣ್ಣೇ ಗತಿ. ಅದಕ್ಕೇ ಅವಳು ಕೇಳದೆ ತೆಗೆದುಕೊಳ್ಳುವ ದಾರಿ ಹಿಡಿದಳು.

ಪ್ರತಿ ವರ್ಷ ಉಳುಮೆಗೆ ಮುಂಚೆ, ಊರು ಉಂಡು ಮಲಗಿದ ಸುಡು ಮಧ್ಯಾಹ್ನದಲ್ಲಿ, ಅವಳು ಗುದ್ದಲಿ ಹಿಡಿದು ಬದುವಿಗೆ ಹೋಗುತ್ತಿದ್ದಳು. ಬದುವನ್ನು ತನ್ನ ಕಡೆ ಕೆತ್ತುವಳು, ಕೆತ್ತಿದ ಮಣ್ಣನ್ನು ಆ ಕಡೆ ಮೆತ್ತುವಳು. ಕೆತ್ತುವಳು, ಮೆತ್ತುವಳು. ಬದು ಅಗಲವಾಗುತ್ತಿರಲಿಲ್ಲ, ಸಣ್ಣದಾಗುತ್ತಿರಲಿಲ್ಲ, ತೆಂಕಲಿಗೆ ಜರುಗುತ್ತಿತ್ತು ಅಷ್ಟೇ. ಹೀಗೆ ಗಳಿಸಿದ ನೆಲಕ್ಕೆ ಬೇಸಿಗೆಯಲ್ಲಿ ಕೆರೆತಳದ ಗೋಡುಮಣ್ಣು ಹೊತ್ತು ಹಾಕುವಳು, ಗೊಬ್ಬರಕ್ಕೆಂದು ಕುರಿಮಂದೆ ಕಟ್ಟಿಸುವಳು, ಬಗ್ಗಿ ಬಗ್ಗಿ ಒಂದೊಂದೇ ಕಳೆ ಕೀಳುವಳು. ಬೆನ್ನು ಎತ್ತಿದಾಗ ಮಾತ್ರ ತೆಂಕಲಿಗೆ ನೋಡುವಳು. ಅಲ್ಲಿ ಇನ್ನೂ ಹಿರಿದಾಗಿಯೇ ಕಾಣುತ್ತಿತ್ತು.

ಒಂದು ವರ್ಷ, ಊರಿನ ಹೊರಗೆರೆಗೆ ಮಾತ್ರ ಸರಪಳಿ ಎಳೆದು ಹೋಗುತ್ತಿದ್ದ ಹಳೆಯ ಅಳತೆಗಾರ ಬರಲಿಲ್ಲ. ಅಂಗೈಯಗಲದ ಒಂದು ಪೆಟ್ಟಿಗೆ ಹಿಡಿದು, ಬಗಲಲ್ಲಿ ಸುತ್ತಿದ ಹಾಳೆ ಇಟ್ಟುಕೊಂಡು ಹೊಸ ಅಳತೆಗಾರ ಬಂದ.

"ಇನ್ನು ಸರಪಳಿ ಎಳೆಯೋದು ಬೇಡ ಯಜಮಾನ್ರೇ," ಎಂದ ಅವನು ಚಾವಡಿಯಲ್ಲಿ ಕೂತಿದ್ದ ಊರ ಯಜಮಾನನಿಗೆ. "ಆಕಾಶದಲ್ಲಿ ಉಪಗ್ರಹಗಳು ತಿರುಗ್ತಾ ಇವೆ. ಅವು ಮೇಲಿಂದ ನೋಡಿ ಊರಿನ ಚಿತ್ರ ತೆಗೆದಿವೆ. ಯಾರದು ಎಷ್ಟು ಅಂತ ಅದರಲ್ಲೇ ಇದೆ. ಈ ಪೆಟ್ಟಿಗೆ ಜಿಪಿಎಸ್. ಇದನ್ನ ಹಿಡಿದು ನಡೆದರೆ ನಾವು ಎಲ್ಲಿದ್ದೀವಿ ಅಂತ ಆ ಉಪಗ್ರಹಗಳನ್ನ ಕೇಳಿ ತೋರಿಸ್ತದೆ."

ಯಜಮಾನ ತಲೆಯೆತ್ತಿ ಬರೀ ಆಕಾಶ ನೋಡಿದ. "ಅವಕ್ಕೆ ಹೊಟ್ಟೆಕಿಚ್ಚು ಇದೆಯೇನಪ್ಪ?"

"ಇಲ್ಲ ಯಜಮಾನ್ರೇ. ಯಂತ್ರ ಅವು."

"ಹಾಗಾದ್ರೆ ಇನ್ನೊಬ್ಬರ ಹೊಲ ಎಷ್ಟಿದೆ ಅಂತ ಅವಕ್ಕೆ ಹೇಗಪ್ಪ ಗೊತ್ತಾಗ್ತದೆ?"

ಮೇಲೊಂದು ಕಣ್ಣು ತಿರುಗುತ್ತಿದೆ ಎಂಬ ಸುದ್ದಿ ಮನೆಮನೆಗೆ ಹೋಯಿತು. ಕೇಳಿದ ಹಿರಿಸೊಸೆ ಕೇರುತ್ತಿದ್ದ ಮೊರ ಕೆಳಗಿಟ್ಟಳು. ಊರಿನ ಕಣ್ಣನ್ನು ಮಧ್ಯಾಹ್ನದ ನಿದ್ದೆ ಮುಚ್ಚುತ್ತದೆ. ಮೇಲಿನ ಕಣ್ಣಿಗೆ ನಿದ್ದೆ ಎಲ್ಲಿಂದ ಬರಬೇಕು. ತಾನು ಕೆತ್ತಿದ್ದನ್ನೂ ಮೆತ್ತಿದ್ದನ್ನೂ ಅದು ನೋಡಿರುತ್ತದೆ. ಇಂದು ಚಾವಡಿಯಲ್ಲಿ ಹತ್ತು ಜನರ ಮುಂದೆ, ಬದು ತೆಂಕಲಿಗೆ ಸರಿದಿದೆ, ಬಡಗಲವಳು ಕಳ್ಳಿ ಎಂದು ಹೇಳುತ್ತದೆ. ಅವಳು ಸೆರಗನ್ನು ತಲೆತುಂಬ ಹೊದ್ದು, ಮೇಲಿನಿಂದ ಯಾರಿಗೂ ಮುಖ ಕಾಣದ ಹಾಗೆ, ಗೋಡೆ ಹಿಡಿದುಕೊಂಡೇ ಚಾವಡಿಗೆ ನಡೆದಳು.

ಅಳತೆಗಾರ ಹಾಳೆಯನ್ನು ನೆಲದ ಮೇಲೆ ಹಾಸಿದ್ದ. ಊರು ಚಾಪೆಯ ಮೇಲೆ ಮಲಗಿದ ಹಾಗೆ ಮಲಗಿತ್ತು. ತಲೆಯ ಕಡೆಗೊಂದು ಕೆರೆ, ಕಾಲ ಕಡೆಗೊಂದು ಕೆರೆ, ಆ ಪಕ್ಕ ಈ ಪಕ್ಕ ಗುಂಡುಬಂಡೆ. ಜನ ಸುತ್ತ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದರು. ಅವನು ಒಂದು ಕಡ್ಡಿ ಹಿಡಿದು ಜೋಡಿ ಹೊಲಗಳನ್ನು ಮುಟ್ಟುತ್ತ ಹೋದ. ಸಮ, ಎಂದ. ಇದೂ ಸಮ, ಎಂದ. ಜನ ಸ್ವಲ್ಪ ಸಮಾಧಾನದಿಂದ, ಸ್ವಲ್ಪ ನಿರಾಸೆಯಿಂದ ತಲೆಯಾಡಿಸಿದರು. ಕಡ್ಡಿ ನಟ್ಟನಡುವಿಗೆ ಬಂದು ನಿಂತಿತು.

"ಇದೊಂದು ಜೋಡಿ ಮಾತ್ರ ಸಮ ಇಲ್ಲ," ಎಂದ ಅಳತೆಗಾರ. "ಮೇಲಿನ ಹೊಲ ದೊಡ್ಡದಿದೆ. ಕೆಳಗಿನದು ಅಷ್ಟೇ ಕಡಿಮೆ ಇದೆ. ಹಸಿರೂ ಮೇಲಿನದರಲ್ಲೇ ಜಾಸ್ತಿ. ಯಾರದಿದು ಮೇಲಿನ ಹೊಲ?"

ಇಡೀ ಚಾವಡಿ ಕಿರಿಸೊಸೆಯ ಕಡೆ ತಿರುಗಿತು. ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿ, "ಮೇಲಿನದು ಅಂದ್ರೆ ನಂದೇ. ನಂದು ದೊಡ್ಡದಾ? ನನಗೇ ಗೊತ್ತಿರಲಿಲ್ಲ ನೋಡಿ," ಎಂದು ನಕ್ಕಳು.

ಹಿರಿಸೊಸೆಗೆ ಮೊದಲು ಜೀವ ಬಂದ ಹಾಗಾಯಿತು. ಕಳ್ಳತನ ಹೊರಬೀಳಲಿಲ್ಲ. ಆದರೆ ಆ ನೆಮ್ಮದಿ ಒಂದು ಗುಟುಕು ನೀರು ಇಳಿಯುವಷ್ಟು ಹೊತ್ತೂ ಉಳಿಯಲಿಲ್ಲ. ಇಷ್ಟು ವರ್ಷ ಕೆತ್ತಿದೆನಲ್ಲ. ವರ್ಷ ವರ್ಷವೂ ಕೆತ್ತಿ ವರ್ಷ ವರ್ಷವೂ ಮೆತ್ತಿದೆನಲ್ಲ. ಅಷ್ಟು ಕಿತ್ತುಕೊಂಡಮೇಲೂ ಅವಳದೇ ದೊಡ್ಡದೆಂದರೆ, ಮೊದಲು ಎಷ್ಟು ದೊಡ್ಡದಿದ್ದಿರಬೇಕು. ಹಾಗಾದರೆ ಮಾವ ಸರಪಳಿಯಲ್ಲೇ ಮೋಸ ಮಾಡಿದ್ದಾರೆ. ನನ್ನ ಕಣ್ಣು ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ. ಹೊಟ್ಟೆಯೊಳಗಿನ ಕಿಚ್ಚಿಗೆ ಆಕಾಶವೇ ಸಾಕ್ಷಿ ಹೇಳಿದ ಮೇಲೆ ಅದಕ್ಕೆ ಮಾನಮರ್ಯಾದೆ ಬಂದುಬಿಟ್ಟಿತು. ಅದು ತಲೆಯೆತ್ತಿ ಉರಿಯಿತು.

ಜನ ಚದುರಿದ ಮೇಲೂ ಅವಳು ಹಾಳೆಯ ಪಕ್ಕದಿಂದ ಏಳಲಿಲ್ಲ. ಮೊಣಕಾಲೂರಿ ಮೇಲಿನ ಹೊಲವನ್ನೇ ನೋಡಿದಳು. ಎಂಥ ಹೊಲ. ಸಾಲು ಸಾಲಿಗೂ ಒಂದೇ ಅಂತರ. ಗೋಡು ಬಿದ್ದ ಕಡೆ ಕಡುಹಸಿರು. ಒಂದು ಮೂಲೆಯಲ್ಲಿ ದುಂಡು ದುಂಡಗೆ ಇನ್ನೂ ದಟ್ಟವಾದ ಹಸಿರು. ಅದು ಕುರಿಮಂದೆ ಮಲಗಿದ ಗುರುತು ಎಂದು ಅವಳಿಗೆ ಕೂಡಲೇ ತಿಳಿಯಿತು. ನಾನು ಮಂದೆ ಕಟ್ಟಿಸಿದ್ದನ್ನು ನೋಡಿ ಅವಳೂ ಕಟ್ಟಿಸಿದ್ದಾಳೆ, ನನಗೊಂದು ಮಾತೂ ಹೇಳದೆ, ಎಂದುಕೊಂಡಳು. ನಾನು ಕಟ್ಟಿಸಿದ ಮೂಲೆಯಲ್ಲೇ ಕಟ್ಟಿಸಿದ್ದಾಳೆ. ಬೆರಳಿನಿಂದ ಆ ಹಸಿರನ್ನು ಸವರಿದಳು. ಇಂಥ ಹೊಲ ನನ್ನದಾಗಿದ್ದರೆ ನಾನು ಏನು ಬೇಕಾದರೂ ಮಾಡುತ್ತಿದ್ದೆ ಎಂದು ಅವಳ ಕಣ್ಣಲ್ಲಿ ನೀರು ಬಂತು. ಕೆಳಗಿನ ಹೊಲದ ಕಡೆ ಒಂದೇ ಸಲ ಕಣ್ಣು ಹಾಯಿಸಿದಳು. ಪೇಲವವಾಗಿ, ಅಲ್ಲಲ್ಲಿ ಕಳೆ ಹಿಡಿದು, ಇಕ್ಕಟ್ಟಾಗಿತ್ತು. ಇದೇ ನನ್ನ ಹಣೆಬರಹ ಎಂದು ಬೇಗ ಕಣ್ಣು ತಿರುಗಿಸಿದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. "ನಾಳೆ ಬೆಳಗ್ಗೆ ಬದಲು ಕೇಳ್ತೀನಿ."

ಗಂಡ ನೇಗಿಲಿನ ಮಿಣಿಹಗ್ಗ ಹೊಸೆಯುತ್ತ ಕೂತಿದ್ದ. ಹೆಚ್ಚು ಮಾತಿನವನಲ್ಲ. "ಇರೋದು ಒಂದೇ ಸಲ. ನೋಡ್ಕೊಂಡು ಕೇಳು," ಎಂದ.

"ನೋಡೋದಕ್ಕೇನಿದೆ. ಆಕಾಶನೇ ನೋಡಿ ಹೇಳಿದೆ."

"ಅವಳ ಹೊಲ ದೊಡ್ಡದು ಅಂತೀಯ. ಉಳೋಕೆ ಒಟ್ಟಿಗೆ ಹೂಡ್ತೀವಿ, ನನ್ನ ತಮ್ಮ ದಿನಾ ನನಗಿಂತ ಮುಂಚೆ ಮುಗಿಸಿ ಮನೆಗೆ ಹೋಗ್ತಾನೆ. ದೊಡ್ಡ ಹೊಲ ಬೇಗ ಹೇಗೆ ಮುಗೀತದೆ?"

ಹಿರಿಸೊಸೆಯ ಮುಖ ಇನ್ನೂ ಕಪ್ಪಿಟ್ಟಿತು. "ಅವರ ಎತ್ತೂ ನಮ್ಮವಕ್ಕಿಂತ ಚುರುಕು ಅನ್ನಿ," ಎಂದಳು. "ಅದನ್ನ ನಾನು ನೋಡೇ ಇರಲಿಲ್ಲ."

ಗಂಡ ಮಿಣಿಯ ಕಡೆಗೆ ತಲೆ ಬಗ್ಗಿಸಿದ. ಅವನಿಗೆ ಗೊತ್ತಿದ್ದ ಇನ್ನೊಂದು ಮಾತೂ ಇತ್ತು, ಬದುವಿನ ವಿಷಯ. ಅದನ್ನು ಅವನು ಆಡಲಿಲ್ಲ. ಆಡಿದ್ದರೆ ಏನಾಗುತ್ತಿತ್ತೋ ಯಾರು ಕಂಡವರು.

ಮರುದಿನ ಅಳತೆಯ ದಿನ. ಹೊತ್ತು ಮೂಡುವ ಹೊತ್ತಿಗೆ ಊರೆಲ್ಲ ನಟ್ಟನಡುವಿನ ಬದುವಿನ ಸುತ್ತ ನೆರೆದಿತ್ತು. ಬದಲು ಕೇಳುವುದನ್ನು ಕಣ್ಣಾರೆ ಕಂಡವರು ಆ ಊರಲ್ಲಿ ಮುದುಕರು ಮಾತ್ರ. ಹಿರಿಸೊಸೆ ತಲೆಗೆ ಎರೆದುಕೊಂಡು, ತನ್ನ ಹೊಲಕ್ಕಿಳಿದು, ನೋಡದೆಯೇ ಒಂದು ಬೊಗಸೆ ಮಣ್ಣು ಬಾಚಿಕೊಂಡು ಬದು ಹತ್ತಿದಳು. ಕಿರಿಸೊಸೆ ನಿದ್ದೆಗಣ್ಣಲ್ಲಿ ಬಂದು ಎದುರು ನಿಂತಳು.

"ಅಕ್ಕ," ಎಂದಳು ಮೆಲ್ಲಗೆ, "ಮೊದಲು ಒಂದ್ಸಲ ಹೊಲದೊಳಗೆ ಬಂದು ತಿರುಗಾಡಿ ನೋಡು. ಆಮೇಲೆ ಬೇಕಾದ್ರೆ ಕೇಳು."

"ಮೇಲಿಂದಲೇ ನೋಡಿದೀನಿ ತಂಗಿ. ಒಳಗೆ ಬಂದರೆ ಇನ್ನೇನು ಕಾಣ್ತದೆ."

"ಇಬ್ಬರೂ ಉಂಡ್ಕೊಂಡಿದ್ದೀವಲ್ಲ ಅಕ್ಕ."

"ನೀನು ಹೆಚ್ಚು ಉಂಡಿದೀಯ," ಎಂದಳು ಹಿರಿಸೊಸೆ. ಕಿರಿಯವಳು ಕೊಡಲು ಮನಸ್ಸಿಲ್ಲದೆ ಸಬೂಬು ಹೇಳುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಮಣ್ಣನ್ನು ಅವಳ ಮಡಿಲಿಗೆ ಸುರಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಿನ್ನದು ನನ್ನ ಕಣ್ಣಿಗೆ ದೊಡ್ಡದಾಗಿ ಕಂಡಿತು."

ಕಿರಿಸೊಸೆ ಬಗ್ಗಿ ತನ್ನ ಹೊಲದ ಮಣ್ಣು ತೆಗೆದು ಅಕ್ಕನ ಮಡಿಲಿಗೆ ಹಾಕಿದಳು. "ಕಂಡದ್ದು ನಿಂದು."

ಎರಡು ಮಡಿಲಲ್ಲೂ ಮಣ್ಣು ಮಣ್ಣಾಗಿಯೇ ಉಳಿಯಿತು. ಕಿಚ್ಚು ಅಪ್ಪಟವಾಗಿತ್ತು, ಅದರಲ್ಲಿ ಎರಡು ಮಾತಿರಲಿಲ್ಲ.

ಅಳತೆಗಾರ ಮುಂದೆ ಬಂದ. ಹೊಸ ಒಡತಿ ಪೆಟ್ಟಿಗೆ ಹಿಡಿದು ಹೊಸ ಹೊಲದ ಸುತ್ತ ಒಂದು ಸುತ್ತು ನಡೆಯಬೇಕು, ಗೆರೆ ಅದೇ ಬರೆದುಕೊಳ್ಳುತ್ತದೆ ಎಂದ. ಹಿರಿಸೊಸೆ ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅದರ ಗಾಜಿನಲ್ಲಿ ಊರಿನ ಅದೇ ಚಿತ್ರ ಚಿಕ್ಕದಾಗಿ ಮಲಗಿತ್ತು. ಅದರ ಮೇಲೊಂದು ನೀಲಿ ಚುಕ್ಕೆ ಮಿನುಗುತ್ತಿತ್ತು.

"ಆ ಚುಕ್ಕೆ ನೀವೇ ಅಮ್ಮ," ಎಂದ ಅಳತೆಗಾರ. "ನೀವು ಹೋದ ಕಡೆ ಅದೂ ಬರ್ತದೆ."

ಅವಳು ಬದುವಿನಿಂದ ತೆಂಕಲಿಗೆ ಇಳಿದಳು. ತೆಂಕಲಿಗೆ ಹೆಜ್ಜೆ ಹಾಕಿದಳು. ಕಾಲಿಗೆ ಕಳೆ ತೊಡರಿತು, ಅದನ್ನು ಲೆಕ್ಕಿಸಲಿಲ್ಲ. ಕಣ್ಣು ಚುಕ್ಕೆಯ ಮೇಲಿತ್ತು. ಅವಳು ಮುಂದೆ ಹೋದ ಹಾಗೆ ಚುಕ್ಕೆ ಕೆಳಗಿನ ಹೊಲದೊಳಗೆ ಇಳಿಯುತ್ತಿತ್ತು. ನಿಂತಳು, ಚುಕ್ಕೆ ನಿಂತಿತು. ಇನ್ನೂ ತೆಂಕಲಿಗೆ ನಡೆದಳು, ಚುಕ್ಕೆ ಇನ್ನೂ ಕೆಳಕ್ಕೆ ಜಾರಿತು, ಪೇಲವವಾದ ಇಕ್ಕಟ್ಟಾದ ಹೊಲದ ನಡುವಿಗೆ ಹೋಗಿ ಕೂತಿತು.

"ನಿಮ್ಮ ಪೆಟ್ಟಿಗೆ ಕೆಟ್ಟಿದೆ," ಎಂದಳು. "ನಾನು ಮೇಲಿನ ಹೊಲದಲ್ಲಿದೀನಿ, ಇದು ಕೆಳಗಿನ ಹೊಲದಲ್ಲಿ ತೋರಿಸ್ತಿದೆ."

"ನೀವು ಕೆಳಗಿನದರಲ್ಲೇ ಇದ್ದೀರಲ್ಲಮ್ಮ. ಇದು ತೆಂಕಲು. ತೆಂಕಲು ಕೆಳಗೆ, ಬಡಗಲು ಮೇಲೆ. ಎಲ್ಲ ಊರಿನ ನಕ್ಷೆಯಲ್ಲೂ ಹಾಗೇ."

ಹಿರಿಸೊಸೆ ಅವನ ಮುಖ ನೋಡಿದಳು. "ಬಡಗಲಿಗೆ ತಲೆ ಹಾಕಿ ಯಾರಪ್ಪ ಮಲಗ್ತಾರೆ?"

"ನಕ್ಷೆ ಮಲಗೋದಿಲ್ಲಮ್ಮ."

ಊರಿಗೆ ಊರೇ ಆ ಹಾಳೆಯನ್ನು ತಲೆಕೆಳಗಾಗಿ ಓದಿತ್ತು. ಆದರೆ ಉಳಿದವರದೆಲ್ಲ ಸಮವಿದ್ದುದರಿಂದ ಅವರಿಗೆ ಹೇಗೆ ಓದಿದರೂ ನಷ್ಟವಿರಲಿಲ್ಲ. ಹಿರಿಸೊಸೆ ಬಡಗಲಿಗೆ ತಿರುಗಿದಳು. ಬದುವಿನಾಚೆ ಸಾಲು ಸಾಲಿಗೂ ಒಂದೇ ಅಂತರ, ಗೋಡು ಬಿದ್ದ ಕಡೆ ಕಡುಹಸಿರು, ಮೂಲೆಯಲ್ಲಿ ದುಂಡು ದುಂಡಗೆ ಮಂದೆಯ ಗುರುತು. ಅವಳು ಹೊತ್ತ ಗೋಡು. ಅವಳು ಕಟ್ಟಿಸಿದ ಮಂದೆ. ಅವಳೇ ಕದ್ದು ದೊಡ್ಡದು ಮಾಡಿದ ಹೊಲ. ನಿನ್ನೆ ಮೊಣಕಾಲೂರಿ ಕಣ್ಣೀರಿಟ್ಟದ್ದು ಅದಕ್ಕೇ. ಈಗ ಅದು ಕಿರಿಸೊಸೆಯ ಮಡಿಲಲ್ಲಿತ್ತು.

ಊರು ನಗಲಿಲ್ಲ. ಆ ಊರಲ್ಲಿ ಇನ್ನೊಬ್ಬರ ನಷ್ಟಕ್ಕೆ ನಗುವುದು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು.

ಕಿರಿಸೊಸೆ ಮಡಿಲಿನ ಮಣ್ಣು ಚೆಲ್ಲದ ಹಾಗೆ ಸೆರಗು ಹಿಡಿದುಕೊಂಡೇ ಯಜಮಾನನ ಹತ್ತಿರ ಹೋದಳು. "ತಿರುಗಿ ಕೊಟ್ಟುಬಿಡ್ಲಾ ಯಜಮಾನ್ರೇ? ಅಕ್ಕನ ಮುಖ ನೋಡೋಕಾಗ್ತಿಲ್ಲ."

"ಕೊಡೋಕೆ ಕಟ್ಟಳೆ ಇಲ್ಲ ಕಣವ್ವ. ಕೇಳೋಕೆ ಮಾತ್ರ ಇರೋದು," ಎಂದ ಯಜಮಾನ. ಆಮೇಲೆ ಹಿರಿಸೊಸೆಯ ಕಡೆ ತಿರುಗಿದ. "ನಿಂದು ಮುಗೀತು. ಅವಳದು ಇನ್ನೂ ಇದೆ. ಯಾವತ್ತಾದ್ರೂ ನಿನ್ನ ಹೊಲ ನೋಡಿ ಅವಳ ಹೊಟ್ಟೆ ಉರಿದು, ಅವಳಾಗೇ ಕೇಳಿದರೆ, ನಿನ್ನದು ನಿನಗೆ ಬರ್ತದೆ."

ಅಂದಿನಿಂದ ಹಿರಿಸೊಸೆಗೆ ಬದುಕಿನಲ್ಲಿ ಒಂದೇ ಕೆಲಸ: ಕಿರಿಸೊಸೆಯ ಹೊಟ್ಟೆಗೆ ಬೆಂಕಿ ಹಚ್ಚುವುದು.

ಅವಳು ತೆಂಕಲ ಹೊಲಕ್ಕೆ ಮೈಯ ಬೆವರೆಲ್ಲ ಸುರಿದಳು. ತೆಂಕಲ ಕೆರೆಯ ಗೋಡು ಬರಿದಾಗುವ ತನಕ ಹೊತ್ತಳು. ಕುರಿಮಂದೆಗಳನ್ನು ಒಂದರ ಹಿಂದೆ ಒಂದು ಕರೆಸಿದಳು. ರಾಗಿಯ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು ಹಾಕಿದಳು, ಹುಚ್ಚೆಳ್ಳಿನ ಹಳದಿ ಹೂವು ಬದುವಿನಾಚೆಗೂ ಕಾಣಲಿ ಎಂದು. ಊರಿನ ಮರ್ಯಾದೆಯನ್ನೂ ಬಿಟ್ಟಳು. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು, "ನೋಡಿ ನನ್ನ ರಾಗಿ, ಇಂಥ ತೆನೆ ನೋಡಿದ್ದೀರಾ, ನನ್ನ ಹಾಗೆ ಬೆಳೆಯೋರು ಯಾರಿದ್ದಾರೆ" ಎನ್ನುತ್ತಿದ್ದಳು. ತನ್ನ ಬೆಳೆಯನ್ನು ತಾನೇ ಹೊಗಳುವುದನ್ನು ಆ ಊರು ಕೇಳಿರಲೇ ಇಲ್ಲ. ಪಾಪ, ತಲೆ ಕೆಟ್ಟಿದೆ ಎಂದು ಜನ ಕಿವಿ ಮುಚ್ಚಿಕೊಂಡು ದಾಟಿ ಹೋಗುತ್ತಿದ್ದರು.

ಅವಳು ಹೊಗಳುತ್ತಿದ್ದದ್ದು ಬಾಯಿಂದ ಮಾತ್ರ. ಬೆಳಗ್ಗೆ ಎದ್ದು ಬದುವಿನ ಮೇಲೆ ನಿಂತರೆ ಕಣ್ಣು ಬಡಗಲಿಗೆ ಹೋಗುತ್ತಿತ್ತು. ಮೊದಲು ತೆಂಕಲಿಗೆ ನೋಡುತ್ತಿದ್ದ ಕಣ್ಣಿಗೆ ದಿಕ್ಕು ಬದಲಾಗಿತ್ತು, ಕೆಲಸ ತಪ್ಪಿರಲಿಲ್ಲ. ಒಮ್ಮೆ ಮಧ್ಯಾಹ್ನ ಕೈ ತಡೆಯದೆ ಗುದ್ದಲಿ ಹಿಡಿದು ಬದುವನ್ನು ಬಡಗಲಿಗೆ ಕೆತ್ತಲು ಹೋದಳು. ಗುದ್ದಲಿಗೆ ಎದ್ದು ಬಂದದ್ದು ಕರಿಮಣ್ಣು, ತಾನೇ ಹಿಂದೆ ಹೊತ್ತು ಹಾಕಿದ ಗೋಡು. ತನ್ನ ಮಣ್ಣನ್ನು ತಾನೇ ಕದಿಯುವ ಗತಿ ಬಂತಲ್ಲ ಎಂದು ಅಲ್ಲೇ ಕೂತು ಅತ್ತಳು. ಅಂದಿನಿಂದ ಗುದ್ದಲಿ ಮುಟ್ಟಲಿಲ್ಲ.

ಮಳೆಗಳು ಬಂದವು, ಹೋದವು. ಮತ್ತೊಂದು ಅಳತೆಯ ದಿನಕ್ಕೆ ಅಳತೆಗಾರ ಹೊಸ ಚಿತ್ರ ತಂದ. ಈ ಸಲ ಯಜಮಾನ ಹಾಳೆಯನ್ನು ತಾನೇ ತಿರುಗಿಸಿ, ತೆಂಕಲನ್ನು ತೆಂಕಲಿಗೇ ಇಟ್ಟು ಹಾಸಿದ. ನಟ್ಟನಡುವೆ, ಮೇಲಿನ ಹೊಲ, ಹಿರಿಸೊಸೆಯ ಹೊಲ, ಊರಿಗೆಲ್ಲ ಹಸಿರಾಗಿ, ಅಂಚಿಗೆ ಹಳದಿ ಹೂವಿನ ಗೆರೆ ಎಳೆದುಕೊಂಡು ಕೂತಿತ್ತು. ಪಕ್ಕದ ಕೆಳಗಿನ ಹೊಲ ಅಗಲವಿದ್ದರೂ ಬಣ್ಣ ಕಳೆದುಕೊಂಡಿತ್ತು. ಚಾವಡಿಯಲ್ಲಿ ಎಲ್ಲರೂ ಕಿರಿಸೊಸೆಯನ್ನು ನೋಡಿದರು. ಇಂದು ಕೇಳದೆ ಇನ್ನೆಂದು ಕೇಳಿಯಾಳು ಎಂದುಕೊಂಡಳು ಹಿರಿಸೊಸೆ.

ಅವಳು ಮೊದಲೇ ಹೋಗಿ ಬದುವಿನ ಮೇಲೆ ಸೆರಗು ಹರವಿಕೊಂಡು ನಿಂತಳು. ಬಿಸಿಲೇರಿತು. ಕಿರಿಸೊಸೆ ಎಂದಿನಂತೆ ತಡವಾಗಿ ಬಂದಳು. ಕೈಯಲ್ಲಿ ಮಣ್ಣಿರಲಿಲ್ಲ.

"ನೋಡು ತಂಗಿ," ಎಂದಳು ಹಿರಿಸೊಸೆ. "ಸರಿಯಾಗಿ ನೋಡು."

ಕಿರಿಸೊಸೆ ಹುಬ್ಬಿನ ಮೇಲೆ ಕೈ ಅಡ್ಡ ಇಟ್ಟು, ತೆಂಕಲ ಹೊಲವನ್ನು ಈ ತುದಿಯಿಂದ ಆ ತುದಿಯ ತನಕ ನಿಧಾನವಾಗಿ ನೋಡಿದಳು. ಅವಳ ಮುಖ ಅರಳಿತು.

"ಚೆನ್ನಾಗಿದೆ ಅಕ್ಕ," ಎಂದಳು. "ತುಂಬ ಚೆನ್ನಾಗಿದೆ."

ಆ ಊರಲ್ಲಿ ಇನ್ನೊಬ್ಬರ ಹೊಲವನ್ನು ಯಾರೂ ಹಾಗೆ ನೇರವಾಗಿ ಹೊಗಳುತ್ತಿರಲಿಲ್ಲ. ಹಿರಿಸೊಸೆಗೆ ಆ ಮಾತು ಏನೆಂದೇ ತಿಳಿಯಲಿಲ್ಲ. "ಹೊಟ್ಟೆ ಉರೀತಿದೆಯಾ?" ಎಂದು ಕೇಳಿದಳು.

"ಇಲ್ಲಕ್ಕ."

"ಸ್ವಲ್ಪನೂ? ಚುರುಕ್ ಅಂತಲೂ ಅನ್ನಲಿಲ್ಲವಾ?"

ಕಿರಿಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟು, ಸುಳ್ಳಾಗಬಾರದು ಎಂಬಂತೆ ಒತ್ತಿ ನೋಡಿಕೊಂಡಳು. "ಹಸಿವಾಗ್ತಿದೆ ಅಷ್ಟೇ," ಎಂದಳು. "ನಿನ್ನ ಸಂಕಟ ನನಗೆ ಗೊತ್ತಕ್ಕ. ಚಾವಡಿಯಿಂದ ಮನೆಗೆ ಹೋಗಿ ಕೂತು ಉರ್ಕೊಳ್ಳೋಕೆ ನೋಡಿದೆ. ಬರಲೇ ಇಲ್ಲ. ಸುಮ್ನೆ ಬಾಯಿಮಾತಿಗೆ ಕೇಳಿಬಿಡ್ಲಾ?"

"ಮರಳಾಗ್ತದೆ."

"ಹೌದಲ್ಲ."

ಹಿರಿಸೊಸೆ ಅವಳ ಎರಡೂ ಕೈ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಯಾರ ಮುಂದೆಯೂ ಬಗ್ಗದವಳು. "ನಾನು ನಿನ್ನ ಮೇಲೆ ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟಿದೀನಿ ತಂಗಿ, ಊಟ ಬಿಟ್ಟು ನಿದ್ದೆ ಬಿಟ್ಟು ಪಟ್ಟಿದೀನಿ. ನೀನು ನನ್ನ ಮೇಲೆ ಒಂದೇ ಒಂದು ಸಲ ಪಡು. ಒಂದು ಗಳಿಗೆ ಸಾಕು."

ಕಿರಿಸೊಸೆಯ ಕಣ್ಣು ತುಂಬಿತು. "ಹೇಗೆ ಪಡೋದು ಅಂತ ಹೇಳ್ಕೊಡಕ್ಕ," ಎಂದಳು. "ನಿಂದು ಚೆನ್ನಾಗಿದ್ರೆ ನನಗೆ ಚೆನ್ನಾಗೇ ಕಾಣ್ತದೆ. ನೀನೇ ತಿರುಗಿ ನೋಡು, ಎಷ್ಟು ಚೆನ್ನಾಗಿದೆ."

ಹಿರಿಸೊಸೆ ತಂಗಿ ತೋರಿಸಿದ ಕಡೆ ತಿರುಗಿ ನೋಡಿದಳು. ತಾನು ಹೊತ್ತ ಗೋಡು, ತಾನು ಬಿತ್ತಿದ ಸಾಲು. ಏನಾದರೂ ಕಂಡೀತು ಎಂದು ಬಹಳ ಹೊತ್ತು ನೋಡಿದಳು. ರಾಗಿ ಇತ್ತು. ಎಲ್ಲರ ಹೊಲದಲ್ಲೂ ಇರುವಂಥ ರಾಗಿ.

"ಬಾ, ಮುದ್ದೆ ಆರಿಹೋಗ್ತದೆ," ಎಂದು ಕಿರಿಸೊಸೆ ಬದು ಇಳಿದು ತನ್ನ ಹೊಲದೊಳಗಿನ ಕಾಲುದಾರಿ ಹಿಡಿದಳು. ಅಲ್ಲಿ ರಾಗಿಯ ನಡುವೆ ಕಳೆ ಎದೆಯುದ್ದ ಬೆಳೆದು ನಿಂತಿತ್ತು. ಅಣ್ಣೆಸೊಪ್ಪು ಬಿಳಿಗೆಂಪು ಹೂಬಿಟ್ಟು ಗಾಳಿಗೆ ತೂಗುತ್ತಿತ್ತು. ಅವಳು ಅದನ್ನು ಕೈಯಲ್ಲಿ ಸರಿಸಿಕೊಂಡು ಹಾಡುತ್ತ ಹೋದಳು. ಹಿರಿಸೊಸೆ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಎಂಥ ಕಳೆ, ಎಂದುಕೊಂಡಳು. ನನ್ನ ಹೊಲದಲ್ಲಿ ಇಂಥ ಕಳೆ ಒಂದು ಸಲವಾದರೂ ಬೆಳೆದಿತ್ತೇ.